ಎರಡು ಪವರ್ ಸಪ್ಲೈ ಇದ್ದರೂ ಸರ್ವರ್ ನಿಲ್ಲುವುದೇಕೆ?

ತಿಪಟೂರಿನ ಎಪಿಎಂಸಿಗೆ ಕೊಬ್ಬರಿ ತರುವ ರೈತರಿಗೆ 'ಸರ್ವರ್' ಎಂಬ ಪದವನ್ನು ಯಾರೂ ಹೇಳಿಕೊಡಬೇಕಿಲ್ಲ. ಕರ್ನಾಟಕದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾದ ಮೇಲೆ ಮಾರುಕಟ್ಟೆಯ ಟೆಂಡರ್ ಕಂಪ್ಯೂಟರಿಗೆ ಬಂತು. ಬಂದ ಮಾಲಿಗೆ ಲಾಟ್ ನಂಬರು ಬೀಳುತ್ತದೆ, ವರ್ತಕರು ತಮ್ಮ ದರವನ್ನು ಕಂಪ್ಯೂಟರಿನಲ್ಲಿ ನಮೂದಿಸುತ್ತಾರೆ, ಸಮಯ ಮುಗಿದ ಮೇಲೆ ಯಾವ ಲಾಟಿಗೆ ಎಷ್ಟು ದರ ಬಂತು ಎಂಬುದು ಗೊತ್ತಾಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ, ನಮ್ಮ ಸಂಪಿಗೆಯಂಥ ಊರುಗಳಲ್ಲಿ, ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿಯ ಬೆಲೆ ಹೀಗೆ ಒಂದೇ ದಿನದ ಕೆಲವು ಗಂಟೆಗಳಲ್ಲಿ ತೀರ್ಮಾನವಾಗುತ್ತದೆ. ಆ ಹೊತ್ತಿಗೆ 'ಸರ್ವರ್ ಡೌನ್' ಎಂದರೆ ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಸರ್ವರ್ ಡೌನ್ ಆಗುವುದಕ್ಕೆ ಕಾರಣಗಳು ಹಲವು. ಇಂಟರ್‌ನೆಟ್ ಕೈಕೊಡಬಹುದು, ತಂತ್ರಾಂಶದಲ್ಲಿ ದೋಷವಿರಬಹುದು, ಒಂದೇ ಸಲಕ್ಕೆ ಸಾವಿರಾರು ಜನ ಮುಗಿಬಿದ್ದಿರಬಹುದು. ಇವುಗಳ ಜೊತೆಗೆ ತೀರಾ ಸರಳವಾದ ಇನ್ನೊಂದು ಕಾರಣವಿದೆ: ಕರೆಂಟು. ಇಲ್ಲಿ ಒಂದು ವಿಚಿತ್ರವೂ ಇದೆ. ಬಹುತೇಕ ಸರ್ವರ್‌ಗಳಲ್ಲಿ ಒಂದರ ಬದಲು ಎರಡು ಪವರ್ ಸಪ್ಲೈ ಇರುತ್ತವೆ, ಅದೂ ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದೇ. ಆದರೂ ಕೆಲವೊಮ್ಮೆ ಒಂದು ಕೆಟ್ಟಾಗ ಅದರ ಬೆನ್ನಿಗೇ ಇನ್ನೊಂದೂ ಮಲಗುತ್ತದೆ. ಏಕೆ ಹೀಗಾಗುತ್ತದೆ? ಎರಡು ಪವರ್ ಸಪ್ಲೈಗಳು ಭಾರವನ್ನು ಹೇಗೆ ಹಂಚಿಕೊಳ್ಳುತ್ತವೆ ಎಂಬುದನ್ನು ತಿಳಿದರೆ ಇದಕ್ಕೆ ಉತ್ತರ ಸಿಗುತ್ತದೆ.

ಒಂದು ಕಡೆ ಕರೆಂಟು ಹೋದರೆ ಎಷ್ಟು ಜನಕ್ಕೆ ತೊಂದರೆ?

ಭೂಮಿ ಯೋಜನೆ ಶುರುವಾದ ದಿನಗಳನ್ನು ನೆನಪಿಸಿಕೊಳ್ಳಿ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಆಗ ಪಹಣಿ ಕೊಡುವ ಕಂಪ್ಯೂಟರ್ ವ್ಯವಸ್ಥೆ ಆಯಾ ತಾಲ್ಲೂಕು ಕಚೇರಿಯಲ್ಲೇ ಇರುತ್ತಿತ್ತು. ತುರುವೇಕೆರೆಯಲ್ಲಿ ಅದು ನಿಂತರೆ ತುರುವೇಕೆರೆಯವರಿಗಷ್ಟೇ ತೊಂದರೆ. ತಿಪಟೂರಿನವರು ತಮ್ಮ ಪಹಣಿ ತೆಗೆದುಕೊಂಡು ಹೋಗುತ್ತಿದ್ದರು.

ಈಗ ಬಹಳಷ್ಟು ಸೇವೆಗಳ ಸರ್ವರ್‌ಗಳು ದೂರದ ಡೇಟಾ ಸೆಂಟರ್‌ಗಳಲ್ಲಿ ಒಟ್ಟಿಗೆ ಇರುತ್ತವೆ. ನಿರ್ವಹಣೆಗೆ ಇದು ಅನುಕೂಲ. ಆದರೆ ಅಲ್ಲಿ ಒಂದು ರ‍್ಯಾಕಿಗೆ ಕರೆಂಟು ಹೋದರೆ ಅದರ ಬಿಸಿ ಒಂದು ತಾಲ್ಲೂಕಿಗೆ ನಿಲ್ಲುವುದಿಲ್ಲ. ಆದ್ದರಿಂದಲೇ ಅಲ್ಲಿ ಎಲ್ಲವೂ ಎರಡೆರಡು.

ಸರ್ವರಿನ ಬೆನ್ನಿನಲ್ಲಿ ಎರಡು ವೈರು

ಮನೆಯ ಕಂಪ್ಯೂಟರಿನ ಹಿಂದೆ ಕರೆಂಟಿನ ವೈರು ಒಂದೇ ಇರುತ್ತದೆ. ಅದು ಹೋಗಿ ಸೇರುವ ಲೋಹದ ಡಬ್ಬಿಯೇ ಪವರ್ ಸಪ್ಲೈ. ರಿಪೇರಿ ಅಂಗಡಿಯವರು ಇದನ್ನು ಎಸ್‌ಎಂಪಿಎಸ್ ಎನ್ನುತ್ತಾರೆ. ಗೋಡೆಯಿಂದ ಬರುವ 230 ವೋಲ್ಟಿನ ಎ.ಸಿ. ಕರೆಂಟನ್ನು ಕಂಪ್ಯೂಟರಿಗೆ ಬೇಕಾದ 12 ವೋಲ್ಟಿನಂಥ ಡಿ.ಸಿ. ಕರೆಂಟಾಗಿ ಬದಲಿಸುವುದು ಅದರ ಕೆಲಸ. ಫ್ಯಾನು, ಕೆಪಾಸಿಟರ್‌ಗಳಿಂದ ಕೂಡಿದ, ಸದಾ ಬಿಸಿಯಲ್ಲಿ ದುಡಿಯುವ ಭಾಗವಾದ್ದರಿಂದ ಅದು ಕೆಡುವ ಸಾಧ್ಯತೆಯೂ ಹೆಚ್ಚು.

ಸರ್ವರಿನಲ್ಲಿ ಇಂಥವು ಸಾಮಾನ್ಯವಾಗಿ ಎರಡು. ಎರಡೂ ತಮ್ಮ 12 ವೋಲ್ಟನ್ನು ಒಳಗಿರುವ ಒಂದೇ ದಪ್ಪ ತಾಮ್ರದ ಪಟ್ಟಿಗೆ ಕೊಡುತ್ತವೆ. ಸರ್ವರಿನ ಪ್ರೊಸೆಸರ್, ಮೆಮೊರಿ, ಡಿಸ್ಕುಗಳೆಲ್ಲ ತಮಗೆ ಬೇಕಾದ ಕರೆಂಟನ್ನು ಆ ಪಟ್ಟಿಯಿಂದ ಎಳೆದುಕೊಳ್ಳುತ್ತವೆ. ಒಂದು ಪವರ್ ಸಪ್ಲೈ ಕೆಟ್ಟರೆ ಸರ್ವರನ್ನು ಆಫ್ ಮಾಡದೆಯೇ ಅದನ್ನು ಹೊರಗೆಳೆದು ಹೊಸದನ್ನು ತಳ್ಳಬಹುದು.

ಒಂದು ಲೆಕ್ಕ ಹಾಕೋಣ. ನಮ್ಮ ಸರ್ವರಿಗೆ 600 ವ್ಯಾಟ್ ಬೇಕು ಎಂದುಕೊಳ್ಳಿ. 12 ವೋಲ್ಟಿನಲ್ಲಿ 600 ವ್ಯಾಟ್ ಎಂದರೆ 50 ಆಂಪಿಯರ್. ಎರಡು ಪವರ್ ಸಪ್ಲೈ ಇದ್ದರೆ ತಲಾ 25 ಆಂಪಿಯರ್ ಹೊರಬೇಕು. ಹೇಳುವುದಕ್ಕೆ ಸುಲಭ. ಆದರೆ ಎರಡನ್ನೂ ಒಂದೇ ಪಟ್ಟಿಗೆ ಸುಮ್ಮನೆ ಜೋಡಿಸಿದರೆ ಅವು ಹೀಗೆ ಸಮನಾಗಿ ಹಂಚಿಕೊಳ್ಳುವುದಿಲ್ಲ.

ಸುಮ್ಮನೆ ಜೋಡಿಸಿದರೆ ಏನಾಗುತ್ತದೆ?

ಜಾತ್ರೆಯಲ್ಲಿ ದೇವರ ಅಡ್ಡೆ ಹೊರುವುದನ್ನು ನೋಡಿದ್ದೀರಲ್ಲ. ಹೆಗಲು ಕೊಟ್ಟವರಲ್ಲಿ ಒಬ್ಬ ಉಳಿದವರಿಗಿಂತ ತುಸು ಎತ್ತರವಿದ್ದರೆ ಭಾರವೆಲ್ಲ ಅವನ ಹೆಗಲಿಗೇ ಬೀಳುತ್ತದೆ. ಪಕ್ಕದವನ ಹೆಗಲಿಗೆ ಮರ ತಾಗಿರುತ್ತದೆ ಅಷ್ಟೆ, ಭಾರವಿರುವುದಿಲ್ಲ.

ಪವರ್ ಸಪ್ಲೈಗಳ 'ಎತ್ತರ' ಎಂದರೆ ಅವುಗಳ ವೋಲ್ಟೇಜು. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ತಯಾರಾದ ಎರಡು ಪವರ್ ಸಪ್ಲೈಗಳೂ ಕರಾರುವಾಕ್ಕಾಗಿ ಒಂದೇ ವೋಲ್ಟೇಜು ಕೊಡುವುದಿಲ್ಲ. ಒಂದು 12.05 ವೋಲ್ಟ್, ಇನ್ನೊಂದು 12.00 ವೋಲ್ಟ್ ಕೊಡುತ್ತಿದೆ ಎನ್ನಿ. ಪಟ್ಟಿಯವರೆಗಿನ ದಾರಿಯ ರೋಧ ತಲಾ ಒಂದು ಮಿಲಿಓಮ್, ಅಂದರೆ ಓಮಿನ ಸಾವಿರದ ಒಂದು ಭಾಗ ಇದ್ದರೆ, ಮೊದಲನೆಯದು 50 ಆಂಪಿಯರ್ ಹೊತ್ತಾಗ ಅದರ ದಾರಿಯಲ್ಲಿ 0.05 ವೋಲ್ಟ್ ಕಳೆದುಹೋಗುತ್ತದೆ. ಆಗ ಪಟ್ಟಿಯಲ್ಲಿ ಉಳಿಯುವುದು ಸರಿಯಾಗಿ 12.00 ವೋಲ್ಟ್. ಎರಡನೆಯದು ಕೊಡುವುದೂ ಅಷ್ಟೇ ಆದ್ದರಿಂದ ಅದರಿಂದ ಕರೆಂಟು ಹರಿಯುವುದೇ ಇಲ್ಲ. ಇಡೀ 50 ಆಂಪಿಯರ್ ಒಂದರ ಮೇಲೆ, ಇನ್ನೊಂದರ ಮೇಲೆ ಸೊನ್ನೆ! ಇಷ್ಟಕ್ಕೆಲ್ಲ ಕಾರಣ ಒಂದು ವೋಲ್ಟಿನ ಇಪ್ಪತ್ತನೇ ಒಂದು ಭಾಗದ ವ್ಯತ್ಯಾಸ.

ಹೀಗಾದರೆ ಒಂದು ಬಿಸಿಯಾಗಿ ಬೇಗ ಸವೆಯುತ್ತದೆ. ಇನ್ನೊಂದು ನಿಜಕ್ಕೂ ಭಾರ ಹೊರಬಲ್ಲದೇ ಎಂಬುದು ಮೊದಲನೆಯದು ಕೆಡುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ.

ಭಾರ ಹಂಚುವ ಎರಡು ಉಪಾಯ

ಮೊದಲ ಉಪಾಯ ಹೆಗಲ ಮೇಲಿನ ಟವೆಲಿನಂಥದ್ದು. ಅಡ್ಡೆ ಹೊರುವವರು ಹೆಗಲ ಮೇಲೆ ದಪ್ಪಗೆ ಮಡಚಿದ ಬಟ್ಟೆ ಇಟ್ಟುಕೊಂಡರೆ, ಹೆಚ್ಚು ಭಾರ ಬಿದ್ದವನ ಬಟ್ಟೆ ಹೆಚ್ಚು ಅದುಮಿಕೊಳ್ಳುತ್ತದೆ. ಮರ ತುಸು ಕೆಳಗಿಳಿದು ಪಕ್ಕದವನ ಹೆಗಲಿಗೂ ಭಾರ ಸಿಗುತ್ತದೆ. ಪವರ್ ಸಪ್ಲೈಯನ್ನೂ ಹಾಗೆಯೇ ರೂಪಿಸಬಹುದು: ಹೆಚ್ಚು ಕರೆಂಟು ಕೊಟ್ಟಷ್ಟೂ ಅದು ತನ್ನ ವೋಲ್ಟೇಜನ್ನು ತುಸು ತಗ್ಗಿಸಬೇಕು.

ಮೇಲಿನ ಲೆಕ್ಕಕ್ಕೇ ಮರಳೋಣ. ದಾರಿಯ ರೋಧವೂ ಸೇರಿದಂತೆ, 50 ಆಂಪಿಯರಿಗೆ ಒಟ್ಟು ಕಾಲು ವೋಲ್ಟ್ ಇಳಿಯುವ ಹಾಗೆ ಎರಡನ್ನೂ ಹೊಂದಿಸಿದ್ದೇವೆ ಎನ್ನಿ. ಈಗ 12.05 ವೋಲ್ಟಿನದು 30 ಆಂಪಿಯರ್ ಹೊತ್ತು 11.90ಕ್ಕೆ ಇಳಿಯುತ್ತದೆ. 12.00 ವೋಲ್ಟಿನದು 20 ಆಂಪಿಯರ್ ಹೊತ್ತು ಅದೂ 11.90ಕ್ಕೇ ಬಂದು ನಿಲ್ಲುತ್ತದೆ. 50-0 ಇದ್ದದ್ದು 30-20 ಆಯಿತು. ಎರಡರ ನಡುವೆ ಮಾತುಕತೆ ಇಲ್ಲ, ಹೆಚ್ಚುವರಿ ವೈರೂ ಇಲ್ಲ.

ಈ ಉಪಾಯ ಕಂಪ್ಯೂಟರಿಗಿಂತ ಬಹಳ ಹಳೆಯದು. ನಮ್ಮ ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವ್ಯಾಟಿನ 10 ಯಂತ್ರಗಳಿವೆ. ಇಂಥ ಜನರೇಟರ್‌ಗಳು ಒಂದೇ ಗ್ರಿಡ್ಡಿಗೆ ಕರೆಂಟು ಕೊಡುವಾಗ ಭಾರ ಹಂಚಿಕೊಳ್ಳುವುದೂ ಇದೇ ತತ್ವದ ಮೇಲೆ. ಅಲ್ಲಿ ವೋಲ್ಟೇಜಿನ ಬದಲು ವೇಗ. ಗ್ರಿಡ್ಡಿನ ಮೇಲೆ ಭಾರ ಹೆಚ್ಚಾಗಿ ವೇಗ ತುಸು ಇಳಿದರೆ ಪ್ರತಿ ಯಂತ್ರದ ಗವರ್ನರ್ ಅದಕ್ಕೆ ತಕ್ಕಷ್ಟು ಹೆಚ್ಚು ನೀರು ಬಿಡುತ್ತದೆ. ನೂರಾರು ಕಿಲೋಮೀಟರ್ ದೂರದ ಯಂತ್ರಗಳೂ ಹೀಗೆ ಒಂದನ್ನೊಂದು ಕೇಳದೆಯೇ ಭಾರಕ್ಕೆ ಹೆಗಲು ಕೊಡುತ್ತವೆ.

ಎರಡನೆಯ ಉಪಾಯದಲ್ಲಿ ಪವರ್ ಸಪ್ಲೈಗಳು ಮಾತಾಡಿಕೊಳ್ಳುತ್ತವೆ. ಎರಡರ ನಡುವೆ ಒಂದು ಸಣ್ಣ ಸಂಕೇತದ ವೈರು ಇರುತ್ತದೆ. ಪ್ರತಿಯೊಂದೂ ತಾನೆಷ್ಟು ಕರೆಂಟು ಕೊಡುತ್ತಿದ್ದೇನೆ ಎಂಬುದನ್ನು ಅದರ ಮೇಲೆ ತಿಳಿಸುತ್ತದೆ. ಸಾಮಾನ್ಯ ವಿನ್ಯಾಸದಲ್ಲಿ, ಹೆಚ್ಚು ಹೊತ್ತಿರುವುದರ ಸಂಕೇತವೇ ಆ ವೈರಿನ ಮೇಲೆ ಉಳಿಯುತ್ತದೆ. ಕಡಿಮೆ ಹೊತ್ತಿರುವುದು ಅದನ್ನು ನೋಡಿ ತನ್ನ ವೋಲ್ಟೇಜನ್ನು ಕೂದಲೆಳೆಯಷ್ಟು ಏರಿಸಿ ಭಾರವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹೀಗೆ ಎರಡೂ ಹೆಚ್ಚುಕಡಿಮೆ ಸಮನಾಗುತ್ತವೆ. ಈ ವೈರು ತುಂಡಾದರೂ ಸರ್ವರ್ ನಿಲ್ಲುವುದಿಲ್ಲ, ಹಂಚಿಕೆ ಅಷ್ಟು ಸಮನಾಗಿರುವುದಿಲ್ಲ ಅಷ್ಟೆ.

ಒಂದು ಕೆಟ್ಟ ಕ್ಷಣದಲ್ಲಿ

ಎರಡು ಬೋರ್‌ವೆಲ್‌ಗಳಿಂದ ಒಂದೇ ಪೈಪಿಗೆ ನೀರು ಬಿಡುವ ತೋಟಗಳಿವೆ. ಅಂಥಲ್ಲಿ ಪ್ರತಿ ಮೋಟರಿನ ದಾರಿಗೂ ಒಂದು ನಾನ್‌ರಿಟರ್ನ್ ವಾಲ್ವ್ ಬೇಕು. ಇಲ್ಲದಿದ್ದರೆ ಒಂದು ಮೋಟರ್ ನಿಂತಾಗ ಇನ್ನೊಂದು ಎತ್ತಿದ ನೀರು ನಿಂತ ಬೋರಿನೊಳಗೆ ಇಳಿದುಹೋಗುತ್ತದೆ, ತೊಟ್ಟಿಗೆ ಬರುವುದಿಲ್ಲ.

ಸರ್ವರಿನಲ್ಲೂ ಇದೇ ಅಪಾಯವಿದೆ. ಒಂದು ಪವರ್ ಸಪ್ಲೈ ಒಳಗೇ ಶಾರ್ಟ್ ಆದರೆ, ಚೆನ್ನಾಗಿರುವ ಇನ್ನೊಂದರ ಕರೆಂಟೆಲ್ಲ ಅದರೊಳಗೆ ನುಗ್ಗಿ ಪಟ್ಟಿಯ ವೋಲ್ಟೇಜು ಕುಸಿಯುತ್ತದೆ. ಇದನ್ನು ತಡೆಯಲು ಪ್ರತಿ ಪವರ್ ಸಪ್ಲೈಯ ಬಾಗಿಲಲ್ಲಿ ಕರೆಂಟನ್ನು ಹೊರಗಷ್ಟೇ ಬಿಡುವ 'ವಾಲ್ವ್' ಇರುತ್ತದೆ. ಈ ಕೆಲಸಕ್ಕೆ ಡಯೋಡ್ ಹಾಕಬಹುದು, ಆದರೆ ಅದರಲ್ಲಿ ಅರ್ಧ ವೋಲ್ಟಿನಷ್ಟು ನಷ್ಟವಾಗುತ್ತದೆ. 50 ಆಂಪಿಯರ್ ಹರಿಯುವಾಗ ಅದು 25 ವ್ಯಾಟ್ ಶಾಖ. ಅದಕ್ಕೇ ಈಗ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚನ್ನು ಬಳಸುತ್ತಾರೆ. ಅದರ ರೋಧ ಒಂದು ಮಿಲಿಓಮ್ ಇದ್ದರೆ ಅಷ್ಟೇ ಕರೆಂಟಿಗೆ ಎರಡೂವರೆ ವ್ಯಾಟ್ ಮಾತ್ರ ನಷ್ಟ. ಕರೆಂಟು ಹಿಮ್ಮುಖವಾಗಿ ಹರಿಯಲು ಶುರುವಾದ ತಕ್ಷಣ ಅದು ದಾರಿ ಮುಚ್ಚುತ್ತದೆ.

ಪವರ್ ಸಪ್ಲೈ ಚೆನ್ನಾಗಿದ್ದು ಅದರ ವೈರಿಗೆ ಬರುವ ಕರೆಂಟು ಮಾತ್ರ ಹೋದರೆ ಇನ್ನಷ್ಟು ಬಿಡುವು ಸಿಗುತ್ತದೆ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 10ರಿಂದ 20 ಮಿಲಿಸೆಕೆಂಡಿಗೆ ಸಾಕಾಗುವಷ್ಟು ಶಕ್ತಿ ಇರುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತಿಗೆ ಹಿಡಿಯುವುದೇ 20 ಮಿಲಿಸೆಕೆಂಡು. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಅವಧಿ, ಆದರೆ ಸರ್ವರಿಗೆ ಅಷ್ಟು ಸಾಕು. ಅಷ್ಟರೊಳಗೆ ಇನ್ನೊಂದು ಪವರ್ ಸಪ್ಲೈ 25 ಆಂಪಿಯರಿನಿಂದ 50ಕ್ಕೆ ಏರಿರುತ್ತದೆ. ಅದು ಮೊದಲೇ ಬಿಸಿಯಾಗಿ, ಭಾರ ಹೊತ್ತು ಓಡುತ್ತಿದ್ದುದರಿಂದ ಇದು ಸಾಧ್ಯ. ಕರೆಂಟು ಹೋದ ಮೇಲೆ ಶುರುವಾಗುವ ಡೀಸೆಲ್ ಜನರೇಟರಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಹಾಗಾದರೆ ಎರಡೂ ಮಲಗುವುದೇಕೆ?

ಇಲ್ಲಿಯವರೆಗಿನ ಲೆಕ್ಕದಲ್ಲಿ ಎಲ್ಲವೂ ಸುಸೂತ್ರ. ನಮ್ಮ ಪವರ್ ಸಪ್ಲೈಗಳು ತಲಾ 800 ವ್ಯಾಟಿನವು ಎನ್ನಿ. 600 ವ್ಯಾಟಿನ ಸರ್ವರಿಗೆ ತಲಾ 300 ವ್ಯಾಟ್ ಹೊರುತ್ತಿದ್ದವು. ಒಂದು ಕೆಟ್ಟರೆ ಇನ್ನೊಂದು 600 ಹೊರುತ್ತದೆ. ಅದರ ಶಕ್ತಿ 800, ತೊಂದರೆ ಇಲ್ಲ.

ಸ್ವಲ್ಪ ದಿನದ ನಂತರ ಅದೇ ಸರ್ವರಿಗೆ ಹೆಚ್ಚು ಮೆಮೊರಿ, ಹೆಚ್ಚು ಡಿಸ್ಕು, ಇನ್ನೊಂದು ಪ್ರೊಸೆಸರ್ ಹಾಕುತ್ತೇವೆ. ಬೇಡಿಕೆ 1,000 ವ್ಯಾಟಿಗೆ ಏರುತ್ತದೆ. ಈಗ ತಲಾ 500 ವ್ಯಾಟ್. 800ರಲ್ಲಿ 500 ಎಂದರೆ ಇನ್ನೂ ಬೇಕಾದಷ್ಟು ಜಾಗವಿದೆ ಅನಿಸುತ್ತದೆ. ಎರಡೂ ಹಸಿರು ದೀಪ ತೋರಿಸುತ್ತಿರುತ್ತವೆ. ಒಂದು ಕೆಟ್ಟ ಕ್ಷಣದಲ್ಲಿ ಉಳಿದದ್ದರ ಮೇಲೆ 1,000 ವ್ಯಾಟ್ ಬೀಳುತ್ತದೆ. ಹೊರಲಾರದ ಭಾರ ಕಂಡು ಅದು ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ. ಕೆಲವು ಹೊಸ ಸರ್ವರ್‌ಗಳು ಇಂಥ ಹೊತ್ತಿನಲ್ಲಿ ಪ್ರೊಸೆಸರಿನ ವೇಗವನ್ನು ಕೂಡಲೇ ತಗ್ಗಿಸಿ ಬಚಾವಾಗಲು ನೋಡುತ್ತವೆ. ಆ ಸೌಲಭ್ಯ ಇಲ್ಲದಿದ್ದರೆ ಸರ್ವರ್ ನಿಂತಂತೆಯೇ.

ತೆಂಗಿನ ಸೀಮೆಯವರಿಗೆ ಇದು ಟಿಸಿಯ ಕಥೆ ಎಂದರೆ ಬೇಗ ಅರ್ಥವಾದೀತು. 63 ಕೆವಿಎ ಸಾಮರ್ಥ್ಯದ ಎರಡು ಟಿಸಿಗಳಿವೆ, ಪ್ರತಿಯೊಂದರ ಮೇಲೂ 45 ಕೆವಿಎ ಲೋಡಿದೆ ಎಂದುಕೊಳ್ಳಿ. ಒಂದು ಸುಟ್ಟಿತೆಂದು ಅದರ ಪಂಪ್‌ಸೆಟ್‌ಗಳನ್ನೂ ಇನ್ನೊಂದಕ್ಕೆ ಸೇರಿಸಿದರೆ 63ರ ಮೇಲೆ 90 ಬೀಳುತ್ತದೆ. ಫ್ಯೂಸ್ ಹೋಗುತ್ತದೆ, ಇಲ್ಲವೇ ಆ ಟಿಸಿಯೂ ಸುಡುತ್ತದೆ. ಒಂದೇ ಟಿಸಿಯ ತೊಂದರೆ ಎರಡೂ ಕಡೆಯ ತೋಟ ಒಣಗಿಸುತ್ತದೆ. ಅದೇ ಎರಡರ ಮೇಲೂ ತಲಾ 30 ಇದ್ದಿದ್ದರೆ ಒಂದು ಸುಟ್ಟರೂ ಇನ್ನೊಂದು 60 ಹೊತ್ತು ನಡೆಸಿಬಿಡುತ್ತಿತ್ತು.

ಆದ್ದರಿಂದ ಎರಡಿವೆ ಎಂಬುದು ಭದ್ರತೆಯಲ್ಲ, ಒಂದೇ ಸಾಕಾಗುವಷ್ಟು ಭಾರ ಇದೆ ಎಂಬುದು ಭದ್ರತೆ. ಗಾಡಿಗೆ ಎರಡು ಎತ್ತು ಕಟ್ಟಿರುತ್ತೇವೆ. ಹಾಗೆಂದು ಒಂದು ಎತ್ತು ಕುಸಿದರೆ ಇನ್ನೊಂದು ಬದಲಿಯಾಗುವುದಿಲ್ಲ, ಗಾಡಿ ನಿಲ್ಲುತ್ತದೆ. ಏಕೆಂದರೆ ಗಾಡಿಗೆ ಎರಡೂ ಬೇಕು. ಸರ್ವರಿನ ಬೇಡಿಕೆ ಒಂದು ಪವರ್ ಸಪ್ಲೈಯ ಶಕ್ತಿಯನ್ನು ದಾಟಿದ ದಿನ ಅದೂ ಎತ್ತಿನ ಗಾಡಿಯಾಗುತ್ತದೆ.

ಇಡೀ ಡೇಟಾ ಸೆಂಟರಿಗೂ ಇದೇ ನಿಯಮ. ಅಲ್ಲಿ 'ಎ' ಮತ್ತು 'ಬಿ' ಎಂದು ಎರಡು ಪ್ರತ್ಯೇಕ ವಿದ್ಯುತ್ ದಾರಿಗಳಿರುತ್ತವೆ, ಒಂದೊಂದಕ್ಕೂ ಅದರದೇ ಯುಪಿಎಸ್. ಪ್ರತಿ ಸರ್ವರಿನ ಒಂದು ವೈರು 'ಎ'ಗೆ, ಇನ್ನೊಂದು 'ಬಿ'ಗೆ. ಎಂಜಿನಿಯರ್‌ಗಳು ಪ್ರತಿ ದಾರಿಯ ಮೇಲೂ ಸುಮಾರು 40%ಕ್ಕಿಂತ ಹೆಚ್ಚು ಭಾರ ಬೀಳದಂತೆ ನೋಡಿಕೊಳ್ಳುತ್ತಾರೆ. ಒಂದು ದಾರಿ ಬಿದ್ದರೆ ಇನ್ನೊಂದು 80%ಕ್ಕೆ ಏರಿ ನಿಲ್ಲಲಿ ಎಂದು. ಎರಡೂ 60% ಇದ್ದರೆ ಒಂದು ಬಿದ್ದಾಗ ಇನ್ನೊಂದರ ಮೇಲೆ 120%, ಆಮೇಲೆ ಕತ್ತಲು.

ದೊಡ್ಡವರೂ ಜಾರಿದ್ದುಂಟು

ಭಾರದ ಲೆಕ್ಕ ಸರಿಯಿದ್ದರೂ ವೈರಿನ ಜೋಡಣೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಡೆಲ್ಟಾ ಏರ್‌ಲೈನ್ಸ್ ಒಂದು ಪಾಠ. 2016ರ ಆಗಸ್ಟ್ 8ರಂದು ಅಟ್ಲಾಂಟಾದಲ್ಲಿರುವ ಅದರ ಕಂಪ್ಯೂಟರ್ ಕೇಂದ್ರದಲ್ಲಿ ವಿದ್ಯುತ್ ನಿಯಂತ್ರಿಸುವ ಉಪಕರಣವೊಂದು ಕೆಟ್ಟು ಕರೆಂಟು ಹೋಯಿತು. ಬದಲಿ ವಿದ್ಯುತ್ ವ್ಯವಸ್ಥೆ ಇತ್ತು. ಆದರೆ ಅಲ್ಲಿದ್ದ ಸುಮಾರು 7,000 ಘಟಕಗಳ ಪೈಕಿ ಸುಮಾರು 300 ಬದಲಿ ವಿದ್ಯುತ್ತಿಗೆ ಸರಿಯಾಗಿ ಜೋಡಣೆಯಾಗಿರಲಿಲ್ಲ ಎಂದು ಕಂಪನಿಯ ಮುಖ್ಯಸ್ಥ ಎಡ್ ಬಾಸ್ಟಿಯನ್ ಆಮೇಲೆ ತಿಳಿಸಿದರು. ನೂರಕ್ಕೆ ನಾಲ್ಕರಷ್ಟು ಉಪಕರಣಗಳು ನಿಂತದ್ದಕ್ಕೆ ಇಡೀ ವ್ಯವಸ್ಥೆ ತತ್ತರಿಸಿತು. ಮೂರು ದಿನಗಳಲ್ಲಿ 2,000ಕ್ಕೂ ಹೆಚ್ಚು ವಿಮಾನಯಾನಗಳು ರದ್ದಾದವು.

ಕೆಲವು ತಪ್ಪು ತಿಳಿವಳಿಕೆಗಳು

'800 ವ್ಯಾಟಿನವು ಎರಡಿವೆ, ಆದ್ದರಿಂದ 1,600 ವ್ಯಾಟ್ ಬಳಸಬಹುದು.' ಬಳಸಬಹುದು, ಆದರೆ ಆಗ ಬದಲಿ ಎಂಬುದು ಉಳಿಯುವುದಿಲ್ಲ. ಬದಲಿ ಬೇಕೆಂದರೆ ಲೆಕ್ಕಕ್ಕೆ ಹಿಡಿಯಬೇಕಾದದ್ದು 800 ಮಾತ್ರ. ದೊಡ್ಡ ಸರ್ವರ್‌ಗಳಲ್ಲಿ ನಾಲ್ಕು ಪವರ್ ಸಪ್ಲೈ ಇದ್ದು ಮೂರು ಸಾಕಾಗುವ ಏರ್ಪಾಡೂ ಇದೆ. ಅಲ್ಲಿ ಮೂರರ ಶಕ್ತಿಯನ್ನಷ್ಟೇ ಎಣಿಸಬೇಕು.

'ಎರಡು ಪವರ್ ಸಪ್ಲೈ ಎಂದರೆ ಕರೆಂಟ್ ಬಿಲ್ಲೂ ಎರಡು ಪಟ್ಟು.' ಇಲ್ಲ. ಸರ್ವರ್ ಎಳೆಯುವುದು ತನಗೆ ಬೇಕಾದಷ್ಟನ್ನೇ. ಹೆಚ್ಚಾಗುವುದು ಪರಿವರ್ತನೆಯ ಅಲ್ಪ ನಷ್ಟ ಮಾತ್ರ. '80 ಪ್ಲಸ್' ಎಂಬ ಮಾನದಂಡದ ಟೈಟಾನಿಯಂ ದರ್ಜೆಯಲ್ಲಿ, 230 ವೋಲ್ಟಿನ ಸರ್ವರ್ ಪವರ್ ಸಪ್ಲೈ ಅರ್ಧ ಭಾರದಲ್ಲಿ 96% ದಕ್ಷತೆ ತೋರಬೇಕು, ಪೂರ್ತಿ ಭಾರದಲ್ಲಿ 91%. ಅಂದರೆ ಅರ್ಧ ಭಾರದ ಸುತ್ತಮುತ್ತ ಓಡುವುದು ನಷ್ಟದ ಬಾಬಲ್ಲ. ತೀರಾ ಕಡಿಮೆ ಭಾರದಲ್ಲಿ, ಉದಾಹರಣೆಗೆ 10%ರಲ್ಲಿ, ದಕ್ಷತೆ 90%ಕ್ಕೆ ಇಳಿಯಬಹುದು. ಅದಕ್ಕೇ ಕೆಲವು ಸರ್ವರ್‌ಗಳು ಕೆಲಸ ಕಡಿಮೆಯಿದ್ದಾಗ ಒಂದನ್ನು ತೂಕಡಿಸಲು ಬಿಟ್ಟು, ಬೇಕಾದ ಕ್ಷಣ ಎಬ್ಬಿಸಿಕೊಳ್ಳುತ್ತವೆ.

'ಯುಪಿಎಸ್ ಇದ್ದ ಮೇಲೆ ಎರಡು ಪವರ್ ಸಪ್ಲೈ ಏಕೆ?' ಯುಪಿಎಸ್ ಕರೆಂಟು ಹೋದಾಗ ಬ್ಯಾಟರಿಯಿಂದ ಕೊಡುತ್ತದೆ. ಸರ್ವರಿನೊಳಗಿನ ಪವರ್ ಸಪ್ಲೈ ಸುಟ್ಟರೆ ಅದೇನೂ ಮಾಡಲಾರದು. ಯುಪಿಎಸ್ಸೇ ಕೆಟ್ಟರಂತೂ ಅದರ ಹಿಂದಿರುವ ಎಲ್ಲವೂ ನಿಲ್ಲುತ್ತವೆ.

ನಾವು ನೋಡಿಕೊಳ್ಳಬೇಕಾದದ್ದು

ಸರ್ವರ್ ಇರುವುದು ದೊಡ್ಡ ಡೇಟಾ ಸೆಂಟರಿನಲ್ಲಷ್ಟೇ ಅಲ್ಲ. ಸಹಕಾರ ಸಂಘ, ಕಾಲೇಜು, ಆಸ್ಪತ್ರೆ, ಕಾರ್ಖಾನೆಗಳ ಒಂದು ಮೂಲೆಯಲ್ಲೂ ಇರುತ್ತದೆ. ಅದರ ಹೊಣೆ ನಿಮ್ಮದಾಗಿದ್ದರೆ ನಾಲ್ಕು ವಿಷಯ ನೋಡಿಕೊಳ್ಳಿ.

ಒಂದು, ಸರ್ವರಿನ ಎರಡೂ ವೈರುಗಳು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹೋಗಿವೆಯೇ? ಹಾಗಿದ್ದರೆ ಆ ಬೋರ್ಡಿನ ಫ್ಯೂಸ್ ಹೋದಾಗ ಎರಡು ಪವರ್ ಸಪ್ಲೈ ಇದ್ದೂ ಇಲ್ಲದಂತೆ. ಒಂದೊಂದನ್ನೂ ಬೇರೆ ಬೇರೆ ಯುಪಿಎಸ್ಸಿಗೆ ಕೊಡಿ. ಎರಡು ಯುಪಿಎಸ್ ಇಲ್ಲದಿದ್ದರೆ ಒಂದನ್ನು ಯುಪಿಎಸ್ಸಿಗೆ, ಇನ್ನೊಂದನ್ನು ಬೇರೆ ಸರ್ಕಿಟ್ಟಿನ ಪ್ಲಗ್ಗಿಗೆ ಹಾಕಿದರೂ ಎಷ್ಟೋ ವಾಸಿ.

ಎರಡು, ಕೆಲಸ ಹೆಚ್ಚಿರುವ ಹೊತ್ತಿನಲ್ಲಿ ಸರ್ವರ್ ಒಟ್ಟು ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ನೋಡಿ. ಅದು ಒಂದೇ ಪವರ್ ಸಪ್ಲೈಯ ಶಕ್ತಿಯೊಳಗಿರಬೇಕು. ಹೊಸ ಭಾಗ ಸೇರಿಸಿದಾಗಲೆಲ್ಲ ಈ ಲೆಕ್ಕವನ್ನು ಮತ್ತೆ ಮಾಡಿ.

ಮೂರು, ಹಿಂಬದಿಯ ದೀಪಗಳನ್ನು ಆಗಾಗ ನೋಡುವ ರೂಢಿ ಇರಲಿ. ಒಂದು ಕೆಟ್ಟರೂ ಸರ್ವರ್ ಏನೂ ಆಗಿಲ್ಲವೆಂಬಂತೆ ಓಡುತ್ತಿರುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಯಾರೂ ಗಮನಿಸದೆ, ಎರಡನೆಯದೂ ಕೆಟ್ಟ ದಿನವೇ ಸುದ್ದಿಯಾಗುವುದುಂಟು.

ನಾಲ್ಕು, ವರ್ಷಕ್ಕೆ ಒಂದೆರಡು ಸಲ, ಮಾಹಿತಿಯ ಬ್ಯಾಕಪ್ ತೆಗೆದಿಟ್ಟು, ಕೆಲಸವಿಲ್ಲದ ಹೊತ್ತಿನಲ್ಲಿ ಒಂದು ವೈರನ್ನು ತೆಗೆದು ನೋಡಿ. ಮತ್ತೆ ಹಾಕಿ, ಎರಡೂ ದೀಪ ಸರಿಯಾದ ಮೇಲೆ ಇನ್ನೊಂದನ್ನು ತೆಗೆಯಿರಿ. ಸರ್ವರ್ ನಿಲ್ಲುವುದೇ ಆದರೆ ನೀವು ಎದುರಿಗಿದ್ದಾಗ, ಯಾರೂ ಕಾಯುತ್ತಿಲ್ಲದಾಗ ನಿಲ್ಲಲಿ. ಹೊರಗೆ ಸರತಿಯಲ್ಲಿ ಜನ ನಿಂತಿರುವಾಗ ಈ ಪರೀಕ್ಷೆ ತಾನಾಗಿಯೇ ನಡೆಯುವುದು ಬೇಡ.